ಫ್ಯಾನು ತಿರುಗುತ್ತಿದೆ, ಸೆಕೆ ಇಳಿಯುತ್ತಿಲ್ಲ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಬೇಸಿಗೆಯಲ್ಲಿ ಕೇಳಿಬರುವ ‘ಫ್ಯಾನು ಗಾಳಿಯೇ ಕೊಡುತ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ದೋಷಗಳಿರಬಹುದು. ಫ್ಯಾನು ತನ್ನ ವೇಗದಲ್ಲಿ ತಿರುಗದೆ ಇರಬಹುದು. ಸರಿಯಾದ ವೇಗದಲ್ಲಿ ತಿರುಗಿದರೂ ಅದರ ಗಾಳಿ ಮಂಚದವರೆಗೆ ಇಳಿಯದೆ ಇರಬಹುದು. ಗಾಳಿ ಮೈಗೆ ತಾಕಿದರೂ ಆ ಗಾಳಿಯೇ ಒಲೆಯ ಮುಂದಿನ ಝಳದಂತೆ ಕಾದಿರಬಹುದು. ಮೊದಲನೆಯದನ್ನು ಒಂದು ಬಿಡಿಭಾಗ ಬದಲಿಸಿ ಸರಿಪಡಿಸಬಹುದು, ಎರಡನೆಯದಕ್ಕೆ ಎಷ್ಟೋ ಸಲ ಮಂಚವನ್ನು ಸರಿಸಿದರೆ ಸಾಕಾಗುತ್ತದೆ, ಮೂರನೆಯದಕ್ಕೆ ಮಾತ್ರ ಅಂಗಡಿಯ ಅತಿ ದುಬಾರಿ ಫ್ಯಾನನ್ನು ತಂದು ತೂಗುಹಾಕಿದರೂ ಪರಿಹಾರ ಸಿಗುವುದಿಲ್ಲ. ಆದ್ದರಿಂದ ಹೊಸ ಫ್ಯಾನಿಗೆ ಹಣ ಕೊಡುವ ಮೊದಲು ಈ ಮೂರರಲ್ಲಿ ನಿಮ್ಮ ಮನೆಯ ದೋಷ ಯಾವುದು ಎಂದು ಖಚಿತಪಡಿಸಿಕೊಳ್ಳಬೇಕು, ಮತ್ತು ಅದನ್ನು ಇದೇ ಕ್ರಮದಲ್ಲಿ ಮಾಡಬೇಕು.

ಫ್ಯಾನು ಮಾಡುವ ಕೆಲಸ ಏನೆಂಬುದು ಸ್ಪಷ್ಟವಾಗಿದ್ದರೆ ಮುಂದಿನದು ಸುಲಭ. ಫ್ಯಾನು ಕೋಣೆಯ ಗಾಳಿಯನ್ನು ತಂಪು ಮಾಡುವುದಿಲ್ಲ. ಅದರ ಕೆಳಗೆ ಉಷ್ಣಮಾಪಕವನ್ನು ತೂಗುಹಾಕಿ ಸ್ವಿಚ್ ಒತ್ತಿದರೆ ಪಾದರಸ ಕೆಳಗಿಳಿಯುವುದಿಲ್ಲ. ಬದಲಾಗಿ, ಸಾಮಾನ್ಯ ಫ್ಯಾನು ಎಳೆದುಕೊಳ್ಳುವ 75 ವ್ಯಾಟಿನಷ್ಟು ವಿದ್ಯುತ್ತು ಕೊನೆಗೆ ಶಾಖವಾಗಿ ಅದೇ ಕೋಣೆಯಲ್ಲಿ ಉಳಿಯುತ್ತದೆ. ಯಾರೂ ಇಲ್ಲದ ಕೋಣೆಯನ್ನು ತಂಪಾಗಿಸಿಡಲು ಫ್ಯಾನು ಹಾಕಿಡುವುದರಿಂದ ಪ್ರಯೋಜನವಿಲ್ಲ ಎನ್ನುವುದು ಇದೇ ಕಾರಣಕ್ಕೆ. ಮೈಯ ಸುತ್ತ ನಿಂತಿರುವ ಬಿಸಿಯಾದ, ಬೆವರಿನ ತೇವ ತುಂಬಿದ ಗಾಳಿಯ ಪದರವನ್ನು ಸರಿಸಿ, ಬೆವರು ಬೇಗ ಆರುವಂತೆ ಮಾಡುವುದಷ್ಟೇ ಫ್ಯಾನಿನ ಕೆಲಸ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರುವುದರಿಂದ, ಗಾಳಿ ಅದಕ್ಕಿಂತ ತಂಪಾಗಿರುವವರೆಗೆ ಎರಡು ಬಗೆಯ ಲಾಭ ಸಿಗುತ್ತದೆ: ಬೆವರು ಆರುತ್ತದೆ, ಮೈಯ ಶಾಖವೂ ನೇರವಾಗಿ ಗಾಳಿಗೆ ಹೋಗುತ್ತದೆ. ಗಾಳಿ ಅದಕ್ಕಿಂತ ಬಿಸಿಯಾದ ಮೇಲೆ ಬೆವರಿನ ಲಾಭವೊಂದೇ ಉಳಿದು, ಗಾಳಿಯ ಶಾಖ ಮೈಗೆ ಸೇರತೊಡಗುತ್ತದೆ.

ಮಂಗಳೂರು, ಉಡುಪಿ, ಕಾರವಾರದ ಕಡೆ ಉಷ್ಣತೆ 33–34 ಡಿಗ್ರಿಯಲ್ಲಿದ್ದರೂ ತೇವಾಂಶ ವಿಪರೀತವಾಗಿರುವುದರಿಂದ ಬೆವರು ತಾನಾಗಿ ಆರುವುದಿಲ್ಲ. ಅಲ್ಲಿ ಫ್ಯಾನಿನ ವೇಗ ಸ್ವಲ್ಪ ಕುಗ್ಗಿದರೂ ಮೈಗೆ ಕೂಡಲೇ ಗೊತ್ತಾಗುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿಯ ಒಣ ಬಿಸಿಲಿನಲ್ಲಿ ಉಷ್ಣತೆ 40 ದಾಟಿದ ಮಧ್ಯಾಹ್ನ ಬೆವರು ಹೇಗೂ ಆರುತ್ತಿರುತ್ತದೆ, ಫ್ಯಾನು ಎಷ್ಟೇ ಚೆನ್ನಾಗಿ ತಿರುಗಿದರೂ ಬಿಸಿಗಾಳಿಯನ್ನೇ ಬೀಸುತ್ತದೆ. ಹಾಗಾಗಿ ಕರಾವಳಿಯವರು ಮೊದಲು ಫ್ಯಾನಿನ ವೇಗದ ಮೇಲೂ, ಬಯಲುಸೀಮೆಯ ಮೇಲ್ಮಹಡಿಯವರು ಮೊದಲು ಛಾವಣಿಯ ಮೇಲೂ ಅನುಮಾನ ಪಡುವುದು ಸರಿ. ಆದರೆ ಅನುಮಾನ ಎಲ್ಲಿದ್ದರೂ ಪರೀಕ್ಷೆಯನ್ನು ವೇಗದಿಂದಲೇ ಆರಂಭಿಸಬೇಕು, ಏಕೆಂದರೆ ಅಳತೆಯಿಂದ ತೀರ್ಮಾನವಾಗುವ ಸಂಗತಿ ಅದು.

ವೇಗವನ್ನು ಅಳೆಯುವುದು

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ 1200 ಮಿಲಿಮೀಟರ್, ಅಂದರೆ 48 ಇಂಚಿನ ಫ್ಯಾನು ಪೂರ್ಣ ವೇಗದಲ್ಲಿ ನಿಮಿಷಕ್ಕೆ ಸುಮಾರು 350ರಿಂದ 380 ಸುತ್ತು ತಿರುಗುತ್ತದೆ. ಇದನ್ನು ಕಣ್ಣಳತೆಯಲ್ಲಿ ಹೇಳಲು ಸಾಧ್ಯವಿಲ್ಲ, ಏಕೆಂದರೆ 240 ಸುತ್ತಿನ ಫ್ಯಾನೂ ನೋಡುವವರಿಗೆ ‘ಜೋರಾಗಿಯೇ ತಿರುಗುತ್ತಿದೆ’ ಎನಿಸುತ್ತದೆ. ಸ್ಲೋ ಮೋಷನ್ ವಿಡಿಯೊ ತೆಗೆಯುವ ಫೋನಿದ್ದರೆ ಬೇರೆ ಉಪಕರಣ ಬೇಕಿಲ್ಲ. ಫ್ಯಾನು ನಿಲ್ಲಿಸಿ ಒಂದು ರೆಕ್ಕೆಯ ಕೆಳಬದಿಗೆ ಬಣ್ಣದ ಟೇಪಿನ ಚೂರು ಅಂಟಿಸಿ, ರೆಗ್ಯುಲೇಟರನ್ನು ಕೊನೆಯ ಅಂಕಿಗೆ ತಿರುಗಿಸಿ, ವೇಗ ಪೂರ್ತಿ ಏರಲು ಒಂದು ನಿಮಿಷ ಬಿಟ್ಟು, ಸೆಕೆಂಡಿಗೆ 240 ಚಿತ್ರಗಳ ಲೆಕ್ಕದಲ್ಲಿ ಚಿತ್ರೀಕರಿಸಬೇಕು. ಆ ವಿಡಿಯೊ ಎಂಟು ಪಟ್ಟು ನಿಧಾನವಾಗಿ ಓಡುವಾಗ ಟೇಪು ಅಂಟಿಸಿದ ರೆಕ್ಕೆ 10 ಸುತ್ತು ಮುಗಿಸಲು ಸುಮಾರು 13 ಸೆಕೆಂಡು ತೆಗೆದುಕೊಂಡರೆ ವೇಗ ನಿಮಿಷಕ್ಕೆ 360ರ ಆಸುಪಾಸಿನಲ್ಲಿದೆ, ಫ್ಯಾನಿನಲ್ಲಿ ದೋಷವಿಲ್ಲ. 20 ಸೆಕೆಂಡು ತೆಗೆದುಕೊಂಡರೆ ವೇಗ 240ಕ್ಕೆ ಇಳಿದಿದೆ ಎಂದರ್ಥ. ಫ್ಯಾನು ತಳ್ಳುವ ಗಾಳಿಯ ಪ್ರಮಾಣ ವೇಗಕ್ಕೆ ಅನುಗುಣವಾಗಿ ಇಳಿಯುವುದರಿಂದ, ಆ ಮನೆಯವರಿಗೆ ಸಿಗಬೇಕಾದ ಗಾಳಿಯ ಮೂರನೆಯ ಒಂದು ಭಾಗ ಸಿಗುತ್ತಲೇ ಇಲ್ಲ.

ಈ ಅಳತೆಯನ್ನು ಮಧ್ಯಾಹ್ನ ಒಮ್ಮೆ, ರಾತ್ರಿ ಎಂಟರ ಸುಮಾರಿಗೆ ಇನ್ನೊಮ್ಮೆ ಮಾಡಬೇಕು. ಎರಡರ ನಡುವಿನ ವ್ಯತ್ಯಾಸವೇ ಮುಂದಿನ ದಾರಿಯನ್ನು ತೋರಿಸುತ್ತದೆ.

ವೇಗ ಕಡಿಮೆ ಇದ್ದರೆ

ಮಧ್ಯಾಹ್ನ ಸರಿಯಿದ್ದು ರಾತ್ರಿ ಮಾತ್ರ ಕುಗ್ಗುವ ಫ್ಯಾನಿನಲ್ಲಿ ದೋಷವಿಲ್ಲ, ವೋಲ್ಟೇಜ್ ಇಳಿಯುತ್ತಿದೆ. ಮನೆಗೆ ಬರಬೇಕಾದದ್ದು 230 ವೋಲ್ಟ್. ಈ ಬಗೆಯ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 180 ವೋಲ್ಟಿಗೆ ಇಳಿದಾಗ ಉಳಿಯುವ ಬಲ ಶೇಕಡ 61ರಷ್ಟು ಮಾತ್ರ. ಮಲ್ಟಿಮೀಟರ್ ಬಳಸಲು ಬಲ್ಲವರು ಸಾಕೆಟ್ಟಿನಲ್ಲಿ ಅಳೆದು, ದಿನಾಂಕ, ಗಂಟೆ, ವೋಲ್ಟೇಜ್ ಮೂರನ್ನೂ ಬರೆದಿಟ್ಟುಕೊಂಡು 1912ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು. ‘ಕರೆಂಟ್ ಡಿಮ್ ಬರುತ್ತಿದೆ’ ಎನ್ನುವುದಕ್ಕಿಂತ ‘ರಾತ್ರಿ ಎಂಟೂವರೆಗೆ 182 ವೋಲ್ಟ್ ಇತ್ತು’ ಎನ್ನುವ ದೂರಿಗೆ ಲೈನ್‌ಮನ್ ಉತ್ತರ ಕೊಡಬೇಕಾಗುತ್ತದೆ. ಅಕ್ಕಪಕ್ಕದ ಮನೆಗಳಲ್ಲೂ ಹಾಗೇ ಇದ್ದರೆ ದೋಷ ಟಿಸಿಯ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರಿನ ಕಡೆಯದು. ನಿಮ್ಮ ಮನೆಯೊಂದರಲ್ಲೇ, ಅದರಲ್ಲೂ ಒಂದೇ ಕೋಣೆಯಲ್ಲಿ ಹಾಗಿದ್ದರೆ ಸ್ವಿಚ್‌ಬೋರ್ಡಿನೊಳಗೆ ಎಲ್ಲೋ ತಂತಿ ಸಡಿಲವಾಗಿದೆ. ಬೋರ್ಡಿನ ಮೇಲ್ಮೈ ಬೆಚ್ಚಗಾಗುವುದು, ಒಳಗಿನಿಂದ ಚಟಚಟ ಸದ್ದು ಬರುವುದು ಅದರ ಲಕ್ಷಣಗಳು; ಅಂಥ ಬೋರ್ಡನ್ನು ಬಳಸುವುದನ್ನು ಆ ದಿನವೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕು.

ದಿನವಿಡೀ ವೇಗ ಕಡಿಮೆಯೇ ಇದ್ದರೆ ರೆಗ್ಯುಲೇಟರನ್ನು ನೋಡಬೇಕು. ಮೂರು, ನಾಲ್ಕು, ಐದು ಅಂಕಿಗಳ ನಡುವೆ ವ್ಯತ್ಯಾಸವೇ ಕಾಣದಿದ್ದರೆ, ಅಥವಾ ಯಾವುದೋ ಒಂದು ಅಂಕಿಯಲ್ಲಿ ಫ್ಯಾನು ನಿಂತೇ ಹೋಗುತ್ತಿದ್ದರೆ ದೋಷ ಅಲ್ಲಿದೆ. ಖಚಿತವಾದ ಪರೀಕ್ಷೆಯೆಂದರೆ ಎಲೆಕ್ಟ್ರಿಷಿಯನ್ನರಿಂದ ರೆಗ್ಯುಲೇಟರನ್ನು ಬಿಟ್ಟು ಫ್ಯಾನಿಗೆ ನೇರ ಲೈನ್ ಕೊಡಿಸಿ ವೇಗವನ್ನು ಮತ್ತೆ ಅಳೆಯುವುದು. ಹಳೆಯ ಮನೆಗಳಲ್ಲಿ ಇನ್ನೂ ಉಳಿದಿರುವ ದೊಡ್ಡ ಡಬ್ಬಿಯಂಥ ರೆಗ್ಯುಲೇಟರುಗಳು ವೇಗ ತಗ್ಗಿಸಿದಾಗ ಉಳಿದ ವಿದ್ಯುತ್ತನ್ನು ಶಾಖವಾಗಿ ಸುಡುತ್ತವೆ. ಅವು ಕೆಡದಿದ್ದರೂ ಬದಲಾಯಿಸುವುದು ಒಳ್ಳೆಯದು.

ನೇರ ಲೈನಿನಲ್ಲೂ ವೇಗ ಏರದಿದ್ದರೆ ಮುಂದಿನ ಅನುಮಾನ ಕೆಪಾಸಿಟರಿನ ಮೇಲೆ. ರಿಪೇರಿ ಅಂಗಡಿಯವರು ಇದನ್ನು ಕಂಡೆನ್ಸರ್ ಎನ್ನುವುದೂ ಉಂಟು. ಹಳೆಯ ಫ್ಯಾನು ವರ್ಷದಿಂದ ವರ್ಷಕ್ಕೆ ಸೊರಗುವುದಕ್ಕೆ ನನ್ನ ತಿಳಿವಳಿಕೆಯಲ್ಲಿ ಇದಕ್ಕಿಂತ ಸಾಮಾನ್ಯವಾದ ಕಾರಣ ಬೇರೊಂದಿಲ್ಲ, ಆದ್ದರಿಂದ ಇದನ್ನು ತುಸು ವಿವರವಾಗಿ ನೋಡುವುದು ಸೂಕ್ತ. ಮನೆಗೆ ಬರುವ ಒಂಟಿ ಫೇಸ್ ವಿದ್ಯುತ್ತಿಗೆ ಮೋಟಾರನ್ನು ತಾನಾಗಿ ತಿರುಗಿಸಿಬಿಡುವ ಶಕ್ತಿಯಿಲ್ಲ. ಮೋಟಾರಿನಲ್ಲಿರುವ ಎರಡನೆಯ ಸುರುಳಿಗೆ ಸ್ವಲ್ಪ ಮುಂದಾಗಿ ಕರೆಂಟ್ ಹರಿಯುವಂತೆ ಮಾಡಿ, ತಿರುಗುವ ಕಾಂತಕ್ಷೇತ್ರವನ್ನು ಹುಟ್ಟಿಸುವುದು ಕೆಪಾಸಿಟರ್. ಅದರೊಳಗೆ ತೆಳುವಾದ ಲೋಹದ ಲೇಪವಿರುವ ಪ್ಲಾಸ್ಟಿಕ್ ಹಾಳೆಗಳನ್ನು ಸುತ್ತಿಟ್ಟಿರುತ್ತಾರೆ. ವೋಲ್ಟೇಜ್ ದಿಢೀರನೆ ಏರಿದಾಗಲೆಲ್ಲ ಆ ಲೇಪದಲ್ಲಿ ಸೂಜಿಮೊನೆಯಷ್ಟು ಜಾಗ ಸುಟ್ಟು ಬೇರ್ಪಡುತ್ತದೆ, ಕೆಪಾಸಿಟರ್ ಕೆಡದೆ ಉಳಿಯುತ್ತದೆ, ಆದರೆ ಅದರ ಸಾಮರ್ಥ್ಯ ಆ ಸಲಕ್ಕೆ ಒಂದಿಷ್ಟು ಕಡಿಮೆಯಾಗುತ್ತದೆ. ಕಾದ ಛಾವಣಿಯ ಕೆಳಗಿನ ಶಾಖ ಈ ಸವೆತವನ್ನು ಇನ್ನಷ್ಟು ಬೇಗ ಮಾಡಿಸುತ್ತದೆ.

ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ. ಸ್ವಿಚ್ ಹಾಕಿದಾಗ ಫ್ಯಾನು ಗುಂಯ್‌ಗುಟ್ಟುತ್ತ ನಿಂತಿದ್ದು, ಕೋಲಿನಿಂದ ಮೆಲ್ಲನೆ ತಳ್ಳಿದರೆ ತಿರುಗತೊಡಗುತ್ತದೆ ಎಂದಾದರೆ ಕೆಪಾಸಿಟರ್ ಪೂರ್ತಿ ಸೋತಿದೆ. ತಾನಾಗಿ ತಿರುಗಿದರೂ ವೇಗ ಏರಲು ಬಹಳ ಹೊತ್ತು ಹಿಡಿಯುತ್ತಿದ್ದರೆ ಅರ್ಧ ಸೋತಿದೆ. ನೋಡಬೇಕೆಂದರೆ ಮೊದಲು ಮೇನ್ ಸ್ವಿಚ್ ಅಥವಾ ಆ ಕೋಣೆಯ ಎಂಸಿಬಿಯನ್ನೇ (ತಾನಾಗಿ ಟ್ರಿಪ್ ಆಗುವ ಸುರಕ್ಷತಾ ಸ್ವಿಚ್ಚನ್ನೇ) ಕೆಳಗಿಳಿಸಬೇಕು. ಗೋಡೆಯ ಸ್ವಿಚ್ಚನ್ನು ಮಾತ್ರ ನಂಬಬಾರದು, ಏಕೆಂದರೆ ಹಳೆಯ ವೈರಿಂಗಿನಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಜೋಡಿಸಿರುವ ಮನೆಗಳಿವೆ, ಅಲ್ಲಿ ಸ್ವಿಚ್ ಆರಿಸಿದರೂ ಫ್ಯಾನಿನಲ್ಲಿ ಲೈನ್ ಉಳಿದಿರುತ್ತದೆ. ಆಮೇಲೆ ಮೋಟಾರಿನ ಮೇಲಿರುವ ಬಟ್ಟಲಿನಾಕಾರದ ಮುಚ್ಚಳದ ಸ್ಕ್ರೂ ಸಡಿಲಿಸಿ, ಅದನ್ನು ರಾಡಿನ ಮೇಲಕ್ಕೆ ಸರಿಸಿದರೆ, ದೂಳು ಮೆತ್ತಿಕೊಂಡ ಬೆರಳುದ್ದದ ಪ್ಲಾಸ್ಟಿಕ್ ಡಬ್ಬಿಯೊಂದು ಎರಡು ತಂತಿಗಳೊಂದಿಗೆ ಕಾಣಿಸುತ್ತದೆ. ಬಟ್ಟೆಯಿಂದ ಒರೆಸಿದರೆ ಅದರ ಮೇಲೆ ಬಹುಪಾಲು 2.5 ಮೈಕ್ರೋಫ್ಯಾರಡ್ ಎಂದೂ, ಶೇಕಡ 5ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ ಎಂದೂ ಅಚ್ಚಾಗಿರುತ್ತದೆ. ಡಬ್ಬಿಯ ಬದಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಅಂಚಿನಲ್ಲಿ ಮೇಣದಂತಹ ಕಲೆ ಇದ್ದರೆ ಅಳೆಯುವ ಅಗತ್ಯವೇ ಇಲ್ಲ. ಹೊರಗೆ ಚೆನ್ನಾಗಿಯೇ ಕಂಡರೆ, ಎರಡು ತುದಿಗಳನ್ನು ಹಿಡಿಕೆಗೆ ಪ್ಲಾಸ್ಟಿಕ್ ಇರುವ ಸ್ಕ್ರೂಡ್ರೈವರಿನಿಂದ ಕೂಡಿಸಿ ಒಳಗೆ ಉಳಿದಿರಬಹುದಾದ ವಿದ್ಯುತ್ತನ್ನು ಇಳಿಸಿದ ಮೇಲೆ, ಅದನ್ನು ಬಿಡಿಸಿ ಮಲ್ಟಿಮೀಟರಿನಲ್ಲಿ ಅಳೆಯಬೇಕು. 2.5 ಎಂದು ಬರೆದಿರುವುದು 2.4ಕ್ಕಿಂತ ಬಹಳ ಕೆಳಗೆ ತೋರಿಸಿದರೆ ಬದಲಾಯಿಸುವುದೇ ಸರಿ.

ಬದಲಾಯಿಸುವಾಗ ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಮೊದಲನೆಯದು, ಹಳೆಯ ಡಬ್ಬಿಯ ಮೇಲಿದ್ದ ಅಂಕಿಯನ್ನೇ ತರಬೇಕು. ಹೆಚ್ಚಿನದು ಹಾಕಿದರೆ ಹೆಚ್ಚು ಗಾಳಿ ಬರುತ್ತದೆ ಎಂದು ಕೆಲವರು 3.15 ಅಥವಾ 4 ಮೈಕ್ರೋಫ್ಯಾರಡಿನದನ್ನು ಜೋಡಿಸುತ್ತಾರೆ. ಆಗ ಎರಡನೆಯ ಸುರುಳಿಯಲ್ಲಿ ಮಿತಿಮೀರಿ ಕರೆಂಟ್ ಹರಿದು, ಮೋಟಾರು ಕಾದು, ನೂರು ರೂಪಾಯಿಯ ಆಸುಪಾಸಿನಲ್ಲಿ ಮುಗಿಯಬೇಕಿದ್ದ ಕೆಲಸ ರೀವೈಂಡಿಂಗಿಗೆ, ಅಂದರೆ ಮೋಟಾರಿನ ಸುರುಳಿಗಳನ್ನೇ ಹೊಸದಾಗಿ ಸುತ್ತಿಸುವುದಕ್ಕೆ ಹೋಗಿ ನಿಲ್ಲುತ್ತದೆ. ಎರಡನೆಯದು, ತಂತಿ ಬಿಚ್ಚುವ ಮೊದಲು ಯಾವ ಬಣ್ಣ ಎಲ್ಲಿಗೆ ಹೋಗಿದೆ ಎಂದು ಫೋಟೊ ತೆಗೆದುಕೊಳ್ಳಬೇಕು. ಜೋಡಣೆ ಅದಲುಬದಲಾದರೆ ಫ್ಯಾನು ಹಿಂದುಮುಂದಾಗಿ ತಿರುಗುತ್ತದೆ. ವಿದ್ಯುತ್ತಿನ ಕೆಲಸ ಅಭ್ಯಾಸವಿಲ್ಲದವರು ಈ ಭಾಗವನ್ನು ಓದಿ ತಿಳಿದುಕೊಂಡು, ಕೆಲಸವನ್ನು ಬಲ್ಲವರಿಂದಲೇ ಮಾಡಿಸಬೇಕು. ಏನು ಬದಲಾಯಿಸಿದರು, ಎಷ್ಟರದ್ದು ಹಾಕಿದರು ಎಂದು ಕೇಳುವುದಕ್ಕಾದರೂ ಈ ತಿಳಿವಳಿಕೆ ಬೇಕು.

ಹೊಸ ಕೆಪಾಸಿಟರಿನಲ್ಲೂ ವೇಗ ಬಾರದಿದ್ದರೆ ಉಳಿಯುವುದು ಬೇರಿಂಗ್ ಮತ್ತು ವೈಂಡಿಂಗ್ (ಮೋಟಾರಿನ ಸುರುಳಿಗಳು). ವಿದ್ಯುತ್ತು ತೆಗೆದು ರೆಕ್ಕೆಯನ್ನು ಕೈಯಿಂದ ತಿರುಗಿಸಿ ಬಿಟ್ಟಾಗ ಕಿರಗುಟ್ಟುತ್ತ ಬೇಗನೆ ನಿಂತರೆ ಬೇರಿಂಗ್ ಸವೆದಿದೆ. ಎಷ್ಟೋ ಫ್ಯಾನುಗಳಲ್ಲಿ 6201, 6202 ಸಂಖ್ಯೆಯ ಬೇರಿಂಗುಗಳಿರುತ್ತವೆ, ಎಲ್ಲ ಊರಿನಲ್ಲೂ ಸಿಗುತ್ತವೆ, ಆದರೆ ಕೂರಿಸುವ ಕೆಲಸ ಅಂಗಡಿಯದೇ. ಮೇಲಿನಿಂದ ತೆಂಗಿನೆಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ಬಿಡುವುದರಿಂದ ಪ್ರಯೋಜನವಿಲ್ಲ. ಮುಚ್ಚಿದ ಬೇರಿಂಗಿನೊಳಗೆ ಅದು ಇಳಿಯದೆ ದೂಳನ್ನು ಹಿಡಿದುಕೊಂಡು ಕೂರುತ್ತದೆ. ಒಂದೆರಡು ಗಂಟೆ ಓಡಿದ ಮೇಲೆ ಮೋಟಾರು ಬೆಚ್ಚಗಿರುವುದು ಸಹಜ, ಕೈ ಇಡಲಾರದಷ್ಟು ಸುಡುತ್ತಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ವೈಂಡಿಂಗ್ ಹೋಗುತ್ತಿದೆ.

ವೇಗ ಸರಿಯಿದ್ದೂ ಗಾಳಿ ತಾಕದಿದ್ದರೆ

ಮೊದಲು ದಿಕ್ಕನ್ನು ನೋಡಬೇಕು. ಕೆಳಗೆ ನಿಂತು ನೋಡುವವರಿಗೆ ನಮ್ಮ ದೇಶದ ಸಾಮಾನ್ಯ ಫ್ಯಾನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತಿರಬೇಕು. ಅನುಮಾನವಿದ್ದರೆ ರೆಕ್ಕೆಯನ್ನು ಗಮನಿಸಿ: ಅದರ ಎರಡು ಅಂಚುಗಳಲ್ಲಿ ಎತ್ತರದಲ್ಲಿರುವ ಅಂಚು ಮುಂದಾಗಿ ಹೋಗುತ್ತಿದ್ದರೆ ಗಾಳಿ ಕೆಳಕ್ಕೆ ಬರುತ್ತದೆ, ಹಿಂದಾಗಿ ಹೋಗುತ್ತಿದ್ದರೆ ಮೇಲಕ್ಕೆ ಹೋಗುತ್ತದೆ. ರಿಪೇರಿಯಾಗಿ ಬಂದ ಮರುದಿನದಿಂದಲೇ ‘ಸದ್ದಿದೆ, ಗಾಳಿಯಿಲ್ಲ’ ಎನಿಸಿದರೆ ಕಾರಣ ಹೆಚ್ಚಾಗಿ ಇದೇ ಆಗಿರುತ್ತದೆ.

ರೆಕ್ಕೆಯ ಮುಂದಿನ ಅಂಚಿನಲ್ಲಿ ಕಟ್ಟಿಕೊಳ್ಳುವ ದೂಳಿನ ಗಟ್ಟಿ ಪಟ್ಟಿ ಗಾಳಿಯನ್ನು ಕಡಿಯುವ ಅಂಚನ್ನೇ ಮೊಂಡಾಗಿಸುತ್ತದೆ. ಅಡುಗೆಮನೆಗೆ ಹೊಂದಿಕೊಂಡ ಕೋಣೆಗಳಲ್ಲಿ ಒಗ್ಗರಣೆಯ ಜಿಡ್ಡು ಸೇರಿ ಅದು ಒಣಬಟ್ಟೆಗೆ ಬಿಡುವುದಿಲ್ಲ. ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ, ಇನ್ನೊಂದು ಕೈಯಲ್ಲಿ ರೆಕ್ಕೆಗೆ ಕೆಳಗಿನಿಂದ ಆಸರೆ ಕೊಟ್ಟು ಒರೆಸಬೇಕು. ಆಸರೆಯಿಲ್ಲದೆ ಒತ್ತಿದರೆ ರೆಕ್ಕೆಯ ಓರೆ ಬದಲಾಗುತ್ತದೆ, ಗಾಳಿಯೂ ಇಳಿಯುತ್ತದೆ, ಫ್ಯಾನು ಓಲಾಡಲೂ ತೊಡಗುತ್ತದೆ. ಓಲಾಟವಿದ್ದರೆ ಒಂದು ಕೋಲನ್ನು ಛಾವಣಿಗೆ ತಾಗಿಸಿ ಮೂರು ರೆಕ್ಕೆಗಳ ತುದಿಯನ್ನೂ ಒಂದೊಂದಾಗಿ ಅದೇ ಜಾಗಕ್ಕೆ ತಂದು ಅಳೆಯಿರಿ. ಯಾವ ರೆಕ್ಕೆ ಬಾಗಿದೆ ಎಂಬುದು ಕೂಡಲೇ ತಿಳಿಯುತ್ತದೆ. ರೆಕ್ಕೆಗಳನ್ನು ತೂಕ ಹೊಂದಿಸಿ ಜೊತೆಯಾಗಿ ಮಾರುವುದರಿಂದ ಒಂದನ್ನೇ ಬದಲಾಯಿಸದೆ ಮೂರನ್ನೂ ಬದಲಾಯಿಸಬೇಕು. ಹಾಗೆಯೇ ಕೊಕ್ಕೆಯ ಬಳಿಯ ಬೋಲ್ಟು, ರಬ್ಬರು, ಸ್ಪ್ಲಿಟ್ ಪಿನ್ನುಗಳನ್ನು ಬೇಸಿಗೆಗೆ ಮುಂಚೆ ಒಮ್ಮೆ ನೋಡಿಸುವುದು ಜೀವದ ಪ್ರಶ್ನೆ. ಓಲಾಡುವ ಫ್ಯಾನಿನ ಕೆಳಗೆ ಮಗುವನ್ನು ಮಲಗಿಸಬಾರದು.

ಛಾವಣಿಗೂ ರೆಕ್ಕೆಗೂ ನಡುವೆ ಕನಿಷ್ಠ ಒಂದು ಅಡಿ ಅಂತರವಿರಬೇಕು. ಫ್ಯಾನು ಕೆಳಕ್ಕೆ ತಳ್ಳುವ ಗಾಳಿಯನ್ನು ಮೇಲಿನಿಂದಲೇ ಎಳೆದುಕೊಳ್ಳಬೇಕಾದ್ದರಿಂದ ಅಲ್ಲಿ ಜಾಗವಿಲ್ಲದಿದ್ದರೆ ಎಷ್ಟು ವೇಗವಾಗಿ ತಿರುಗಿದರೂ ವ್ಯರ್ಥ. ಇತ್ತೀಚೆಗೆ ಮೂಲ ಛಾವಣಿಯ ಕೆಳಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಛಾವಣಿ ಮಾಡಿಸಿಕೊಂಡ ಮನೆಗಳಲ್ಲಿ ಹಳೆಯ ರಾಡನ್ನೇ ಉಳಿಸಿಕೊಂಡು ರೆಕ್ಕೆಗಳು ಛಾವಣಿಗೆ ಅಂಟಿಕೊಂಡಂತೆ ಇರುವುದನ್ನು ಕಾಣುತ್ತೇವೆ. ಅಲ್ಲಿ ಬೇಕಿರುವುದು ಉದ್ದದ ರಾಡು, ಹೊಸ ಫ್ಯಾನಲ್ಲ. ನೆಲದಿಂದ ರೆಕ್ಕೆಗೆ ಎಂಟು ಅಡಿಗಿಂತ ಕಡಿಮೆಯಾಗದಂತೆ ನೋಡಿಕೊಂಡರೆ ಸಾಕು.

ಮಂಚದ ಜಾಗವೂ ಮುಖ್ಯ. ಫ್ಯಾನಿನ ನಡುವಿನ ಮೋಟಾರಿನ ನೇರ ಕೆಳಗೆ ಗಾಳಿ ಕಡಿಮೆ, ರೆಕ್ಕೆಗಳು ಸುತ್ತುವ ವೃತ್ತದ ಕೆಳಗೆ ಹೆಚ್ಚು. ಒಂದು ಕೋಲಿನ ತುದಿಗೆ ಹಗುರವಾದ ರೇಷ್ಮೆ ದಾರವನ್ನು ಕಟ್ಟಿ ಮಲಗುವ ಎತ್ತರದಲ್ಲಿ ಅತ್ತಿತ್ತ ಆಡಿಸಿದರೆ ಅದು ಎಲ್ಲಿ ಹೆಚ್ಚು ಹಾರಾಡುತ್ತದೆ ಎಂದು ಕಾಣುತ್ತದೆ, ಎದೆ ಮತ್ತು ಮುಖದ ಭಾಗ ಅಲ್ಲಿಗೆ ಬರುವಂತೆ ಮಂಚವನ್ನು ಸರಿಸಬೇಕು. ಇದೇ ದಾರವನ್ನು ಸೊಳ್ಳೆಪರದೆಯ ಹೊರಗೆ ಮತ್ತು ಒಳಗೆ ಹಿಡಿದು ನೋಡಿದರೆ ಪರದೆ ಎಷ್ಟು ಗಾಳಿಯನ್ನು ತಡೆಯುತ್ತಿದೆ ಎಂಬುದೂ ತಿಳಿಯುತ್ತದೆ. ಒತ್ತಾಗಿ ನೇಯ್ದ ಹತ್ತಿಯ ಪರದೆ ಗಾಳಿಯ ಬಹುಭಾಗವನ್ನು ಮೇಲೆಯೇ ನಿಲ್ಲಿಸಿಬಿಡುತ್ತದೆ. ಕಿಟಕಿಗಳಿಗೆ ಜಾಲರಿ ಹಾಕಿಸಿ ಪರದೆಯನ್ನೇ ಬಿಡಲು ಸಾಧ್ಯವಾದರೆ ಉತ್ತಮ, ಇಲ್ಲವಾದರೆ ದೊಡ್ಡ ಕಣ್ಣಿನ ನೈಲಾನ್ ಪರದೆ ವಾಸಿ.

ಗಾಳಿಯೇ ಬಿಸಿಯಾಗಿದ್ದರೆ

ವೇಗವೂ ಸರಿ, ದಾರವೂ ಹಾರಾಡುತ್ತಿದೆ, ಆದರೂ ರಾತ್ರಿ ಹನ್ನೊಂದಕ್ಕೆ ನಿದ್ದೆ ಬರುತ್ತಿಲ್ಲ ಎನ್ನುವವರು ರಾತ್ರಿ ಒಂಬತ್ತರ ಹೊತ್ತಿಗೆ ಫ್ಯಾನು ಆರಿಸಿ, ಗಟ್ಟಿಯಾದ ಸ್ಟೂಲಿನ ಮೇಲೆ ನಿಂತು, ಅಂಗೈಯನ್ನು ಛಾವಣಿಗೆ ಒತ್ತಿ ನೋಡಬೇಕು. ಆಮೇಲೆ ಅದೇ ಅಂಗೈಯನ್ನು ಒಳಗೋಡೆಗೆ ಒತ್ತಬೇಕು. ಛಾವಣಿ ಸ್ಪಷ್ಟವಾಗಿ ಬಿಸಿಯಾಗಿದ್ದರೆ ದೋಷ ಸಿಕ್ಕಂತೆಯೇ. ನಾಲ್ಕೈದು ಇಂಚು ದಪ್ಪದ ಆರ್‌ಸಿಸಿ ತಾರಸಿ ಹಗಲಿಡೀ ಬಿಸಿಲನ್ನು ಹೀರಿಕೊಂಡು, ಅದು ಕೆಳಬದಿಗೆ ತಲುಪಲು ಗಂಟೆಗಟ್ಟಲೆ ಹಿಡಿಯುವುದರಿಂದ, ಹೊರಗೆ ತಂಗಾಳಿ ಏಳುವ ಹೊತ್ತಿಗೆ ಒಳಗೆ ಶಾಖವನ್ನು ಬಿಡತೊಡಗುತ್ತದೆ. ಛಾವಣಿಯ ಕೆಳಗೆ ಸೇರಿಕೊಂಡ ಆ ಬಿಸಿಗಾಳಿಯನ್ನೇ ಫ್ಯಾನು ಕೆಳಕ್ಕೆ ತಳ್ಳುತ್ತಿರುತ್ತದೆ. ಸೀಲಿಂಗ್ ಫ್ಯಾನು ಹೊರಗಿನ ಗಾಳಿಯನ್ನು ತರುವುದಿಲ್ಲ, ಒಳಗಿರುವುದನ್ನೇ ಕಲಕುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಆದ್ದರಿಂದ ಪರಿಹಾರವೂ ಎರಡು ಕಡೆಯಿಂದ ಆಗಬೇಕು. ಬಿಸಿಗಾಳಿಗೆ ಹೊರದಾರಿ ಬೇಕು: ದೂಳು ಬರುತ್ತದೆಂದು ವೆಂಟಿಲೇಟರಿಗೆ ಅಂಟಿಸಿರುವ ಪತ್ರಿಕೆಯ ಹಾಳೆಯನ್ನು ಕಿತ್ತು ಜಾಲರಿ ಹಾಕಿಸುವುದು ಮೊದಲ ಕೆಲಸ. ಬಯಲುಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣಿನ ಮೇಲ್ಮುದ್ದೆಯೂ, ಬಿಸಿಗಾಳಿ ಮೇಲೆಯೇ ಹೊರಟುಹೋಗುವಂತೆ ಬೆಳಕಿಂಡಿಯೂ ಇದ್ದುದರಿಂದ ಅವು ಫ್ಯಾನಿಲ್ಲದೆಯೂ ಸಹಿಸುವಂತಿದ್ದವು. ಹಗಲು ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿರುವಾಗ ಕಿಟಕಿಗಳನ್ನು ಮುಚ್ಚಿಡಬೇಕು. ಸೂರ್ಯ ಮುಳುಗಿ ಹೊರಗೆ ತಂಪಾದ ಮೇಲೆ ಎದುರುಬದುರಿನ ಕಿಟಕಿಗಳನ್ನು ತೆರೆದು, ಒಂದರಲ್ಲಿ ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಟ್ಟರೆ ಅದು ಒಳಗಿನ ಬಿಸಿಯನ್ನು ಹೊರಹಾಕಿ ಇನ್ನೊಂದರಿಂದ ತಂಗಾಳಿಯನ್ನು ಎಳೆಯುತ್ತದೆ. ಎರಡನೆಯದು ಬಿಸಿಲನ್ನು ಮೇಲೆಯೇ ತಡೆಯುವುದು. ತಾರಸಿಗೆ ಬೇಸಿಗೆಯ ಆರಂಭದಲ್ಲಿ ಸುಣ್ಣವನ್ನೋ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣವನ್ನೋ ಬಳಿಯುವುದು ಕಡಿಮೆ ಖರ್ಚಿನ, ಹೆಚ್ಚು ಫಲದ ದಾರಿ. ತಾರಸಿಯಿಂದ ಕೆಲವು ಅಡಿ ಮೇಲೆ, ನಡುವೆ ಗಾಳಿ ಆಡುವಂತೆ ಹಸಿರು ನೆರಳುಬಲೆ ಕಟ್ಟಿದರೂ ಆಗುತ್ತದೆ. ಸಂಜೆ ನೀರು ಹೊಡೆದರೆ ತಾರಸಿ ಬೇಗ ತಣಿಯುವುದು ನಿಜ, ಆದರೆ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿನಲ್ಲಿ ಅದನ್ನು ಹೇಳಲು ಮನಸ್ಸಾಗುವುದಿಲ್ಲ. ತಗಡಿನ ಶೀಟಿನ ಮನೆಗಳಲ್ಲಿ ತೊಂದರೆ ಹಗಲಿನದು. ಶೀಟಿನ ಕೆಳಗೆ ಅಂತರ ಬಿಟ್ಟು ಬಿದಿರಿನ ತಟ್ಟಿ ಕಟ್ಟಿದರೆ ನೆತ್ತಿಯ ಮೇಲೆ ಸುರಿಯುವ ಝಳ ತಗ್ಗುತ್ತದೆ.

ಕೋಣೆಯ ಉಷ್ಣತೆ 40 ಡಿಗ್ರಿ ದಾಟಿದಾಗ ಫ್ಯಾನು ಮೈಯನ್ನು ಇನ್ನಷ್ಟು ಬಿಸಿ ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ವಯಸ್ಸಾದವರಿಗೆ ಬೆವರು ಕಡಿಮೆ ಬರುವುದರಿಂದ ಅವರಿಗೆ ಇದು ಬೇಗ ತಟ್ಟುತ್ತದೆ. ಅಂಥ ಮಧ್ಯಾಹ್ನ ಅಜ್ಜ, ಅಜ್ಜಿಯರನ್ನು ಮೇಲ್ಮಹಡಿಯಿಂದ ಕೆಳಗಿನ ಕೋಣೆಗೆ ಕರೆತಂದು, ಕೈಕಾಲು, ಕತ್ತು, ಮುಖವನ್ನು ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿ, ಕುಡಿಯಲು ನೀರು, ಮಜ್ಜಿಗೆ ಕೊಡುತ್ತಿರಬೇಕು. ಮೈ ಸುಡುತ್ತ ಮಾತು ತಡವರಿಸತೊಡಗಿದರೆ, ಗುರುತು ತಪ್ಪಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಇಷ್ಟೆಲ್ಲ ಪರೀಕ್ಷಿಸಿದ ಮೇಲೂ ಫ್ಯಾನೇ ಸೋತಿದೆ ಎಂದು ಖಚಿತವಾದರೆ ಹೊಸದನ್ನು ಕೊಳ್ಳಬಹುದು. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ; ಅದರಲ್ಲಿ ನಕ್ಷತ್ರಗಳ ಸಂಖ್ಯೆಯ ಜೊತೆಗೆ, ನಿಮಿಷಕ್ಕೆ ಎಷ್ಟು ಘನಮೀಟರ್ ಗಾಳಿ ತಳ್ಳುತ್ತದೆ ಎಂಬ ಅಂಕಿಯನ್ನೂ ಕೇಳಿ ನೋಡಬೇಕು, ಏಕೆಂದರೆ ಕಡಿಮೆ ವಿದ್ಯುತ್ತು ತಿಂದು ಕಡಿಮೆ ಗಾಳಿ ಕೊಡುವ ಫ್ಯಾನಿನಿಂದ ಸೆಕೆ ಇಳಿಯುವುದಿಲ್ಲ. ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನುಗಳು ಸುಮಾರು 28ರಿಂದ 35 ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತವೆ, ಇನ್ವರ್ಟರಿನ ಮೇಲೆ ಹೆಚ್ಚು ಹೊತ್ತು ಓಡುತ್ತವೆ, ಮತ್ತು ವೋಲ್ಟೇಜ್ ಇಳಿದಾಗಲೂ ವೇಗವನ್ನು ಉಳಿಸಿಕೊಳ್ಳುವುದರಿಂದ ರಾತ್ರಿ ಡಿಮ್ ಆಗುವ ಊರುಗಳಿಗೆ ಅವೇ ಹೆಚ್ಚು ಹೊಂದುತ್ತವೆ. ಆದರೆ ಅವನ್ನು ಗೋಡೆಯ ರೆಗ್ಯುಲೇಟರಿನ ಮೂಲಕ ಓಡಿಸಿದರೆ ಒಳಗಿನ ಸರ್ಕ್ಯೂಟ್ ಕೆಡುತ್ತದೆ. ಕೂರಿಸಲು ಬಂದವರು ಹೊರಡುವ ಮೊದಲು ಹಳೆಯ ರೆಗ್ಯುಲೇಟರನ್ನು ಬೋರ್ಡಿನಿಂದ ಬಿಚ್ಚಿಸಿ, ಫ್ಯಾನನ್ನು ನೇರವಾಗಿ ಸ್ವಿಚ್ಚಿಗೆ ಜೋಡಿಸಿಕೊಳ್ಳಬೇಕು.